ಫಕೀರವ್ವ ನಗಲಿಲ್ಲ

ಇಪ್ಪತ್ತು ಮಂದಿ ಊಟಕ್ಕೆ ಕೂತಿದ್ದೆವು. ಅಷ್ಟೂ ಜನರ ಕೈ ತಟ್ಟೆಯಲ್ಲೇ ನಿಂತಿತ್ತು. ಒಬ್ಬ ಹೆಣ್ಣುಮಗಳು ನಗುತ್ತಾಳೋ ಇಲ್ಲವೋ ಎಂದು ನಾವೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು.

ನಾಲ್ಕು ತಿಂಗಳ ಹಿಂದಿನ ಮಾತು. ನಿಮಗೆ ಹೇಳಬೇಕೋ ಬೇಡವೋ ಎಂದು ಇಷ್ಟು ದಿನ ಮುಂದೂಡಿದೆ. ಹೇಳಿದರೆ ಮಾನ ಹೋಗುವುದು ನನ್ನದೇ. ಆದರೆ ಹೋದ ಭಾನುವಾರ ಆಕೆಯನ್ನು ಮತ್ತೆ ಕಂಡೆ. ಇನ್ನು ಸುಮ್ಮನಿರಲಾರೆ.

ಹೆಂಡತಿಗೆ ಲಕ್ಷ್ಮೇಶ್ವರದ ಶಾಲೆಗೆ ವರ್ಗವಾದ ಮೇಲೆ ಗದಗಿನಲ್ಲಿ ನಾನೊಬ್ಬನೇ ಇರುವುದು ನಿಮಗೆ ಗೊತ್ತೇ ಇದೆ. (ನನ್ನ ಅಡುಗೆಯ ಪ್ರಯೋಗಗಳ ಬಗ್ಗೆ ಈ ಅಂಕಣದಲ್ಲಿ ಬರೆದಾಗ ಎಷ್ಟು ಕಾಗದ ಬಂದವು! ಒಂದರಲ್ಲೂ ಕನಿಕರವಿರಲಿಲ್ಲ.) ಕೊನೆಗೆ ಸೋತು, ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಸಂಗಪ್ಪನವರ ಖಾನಾವಳಿಗೆ ಹೋಗತೊಡಗಿದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅದನ್ನೆಲ್ಲ ನೀಡುವವಳು ಫಕೀರವ್ವ.

ಶಿರಹಟ್ಟಿ ಕಡೆಯವಳು. ವಯಸ್ಸು ನಲವತ್ತರ ಆಚೀಚೆ. ಬೆಟಗೇರಿಯಲ್ಲಿ ಒಂದು ಬಾಡಿಗೆ ಕೋಣೆ. ಹನ್ನೊಂದು ವರ್ಷದ ಹಿಂದೆ ಪಾತ್ರೆ ತಿಕ್ಕಲು ಬಂದವಳು, ಆಮೇಲೆ ರೊಟ್ಟಿ ಬಡಿದಳು, ಆಮೇಲೆ ಹೊರಗೆ ಬಂದು ನೀಡತೊಡಗಿದಳು. ಆಕೆ ಹೊರಗೆ ಬಂದ ಮೇಲೆಯೇ ಖಾನಾವಳಿಯ ಗಿರಾಕಿ ಎರಡು ಪಾಳಿಯಾಯಿತು ಎಂದು ಸಂಗಪ್ಪನವರೇ ಹೇಳುತ್ತಿದ್ದರು.

ಯಾಕೆ ಗೊತ್ತೇ? ಆಕೆಗೆ ಎಲ್ಲರ ಮುಖ ಓದಲು ಬರುತ್ತಿತ್ತು. ಹತ್ತಿ ಮಾರುಕಟ್ಟೆಯ ಗುಮಾಸ್ತ ಮುಂಜಾನೆ ಬೈಸಿಕೊಂಡು ಬಂದಿದ್ದರೆ, ಅವನೊಂದಿಗೆ ಚಾಷ್ಟಿ ಮಾಡಿ ನಗಿಸುವಳು. ಮಗನನ್ನು ಕಳೆದುಕೊಂಡ ಮುದುಕರೊಬ್ಬರು ಬರುತ್ತಿದ್ದರು. ಅವರ ಮುಂದೆ ಆಕೆಯ ದನಿಯೇ ಇಳಿಯುತ್ತಿತ್ತು. ಲಕ್ಷ್ಮೇಶ್ವರದಿಂದ ಕಾಗದ ಬರದ ವಾರ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಚಮಚ ತುಪ್ಪ ಬೀಳುತ್ತಿತ್ತು. ಇದೆಲ್ಲ ಆಕೆಯ ಸ್ವಭಾವ ಎಂದುಕೊಂಡಿದ್ದೆ. ಅದೂ ದುಡಿಮೆಯೇ, ಅದಕ್ಕೂ ದಣಿವಿದೆ ಎಂದು ಹೊಳೆದಿರಲಿಲ್ಲ.

ಸಂಗಪ್ಪನವರು ಮುಂಡರಗಿಯಲ್ಲೊಂದು ಬ್ರಾಂಚ್ ತೆರೆಯುವವರಿದ್ದರು. ಅಲ್ಲಿಯ ಗಲ್ಲಾದ ಮೇಲೆ ಫಕೀರವ್ವನನ್ನೇ ಕೂಡಿಸುವುದಾಗಿ ಎಲ್ಲರೆದುರು ಮಾತು ಕೊಟ್ಟಿದ್ದರು. ಆಕೆ ಎಷ್ಟು ಉಬ್ಬಿದ್ದಳೆಂದರೆ, ಗದ್ದಲ ಮುಗಿದ ಮೇಲೆ ನನ್ನಿಂದ ಪಲ್ಯಗಳ ಹೆಸರು ಬರೆಸಿಕೊಂಡು ಒಂದೊಂದೇ ಅಕ್ಷರ ತಿದ್ದುತ್ತಿದ್ದಳು. “ಮಾಸ್ತರ, ಮುಂಡರಗಿಯೊಳಗ ಬೋರ್ಡ್ ನಾನ ಬರಿಯಾಕಿ, ನೋಡ್ರಿ!”

ಇನ್ನು ನನ್ನ ಪಾಲಿನ ಕಥೆ.

ಅಂದು ಸೋಮವಾರ. ಫಕೀರವ್ವ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಬಂದಳು. ರೊಟ್ಟಿ ಇಟ್ಟಳು, ಹೋದಳು. ಮಾತಿಲ್ಲ, ನಗೆಯಿಲ್ಲ. ನನಗೆ ಏನೋ ಕೊರತೆಯಾದಂತಾಯಿತು. ಕೈ ತೊಳೆದು ಹೊರಡುವಾಗ ಸಂಗಪ್ಪನವರಿಗೆ ಅಂದೆ: “ಯಾಕ್ರಿ ಮಾಲಕ್ರ, ಇವತ್ತ ಫಕೀರವ್ವ ಮಾರಿ ಗಂಟ ಹಾಕ್ಯಾಳ? ಈಗನ ಮುಂಡರಗಿ ಮಾಲಕಿ ಆಗ್ಯಾಳೇನು?”

ಜೋಕು. ಸಂಗಪ್ಪನವರು ನಕ್ಕರು. ನಾನೂ ನಕ್ಕು ಮರೆತೆ.

ಗುರುವಾರ ಮುಂಡರಗಿಯ ಸಾವಕಾರರು ಊಟಕ್ಕೆ ಬಂದರು. ಬಸ್ ಸ್ಟ್ಯಾಂಡಿನ ಎದುರಿನ ಮಳಿಗೆ ಅವರದೇ. ಬ್ರಾಂಚಿಗೆ ಅದನ್ನು ಕೊಡುತ್ತಾರೋ ಇಲ್ಲವೋ ಎಂಬುದು ಅಂದೇ ಇತ್ಯರ್ಥವಾಗಬೇಕಿತ್ತು. ಸಂಗಪ್ಪನವರು ಹೊಸ ಧೋತರ ಉಟ್ಟಿದ್ದರು. ಬೆಂಚು ಒರೆಸಿದ್ದೇ ಒರೆಸಿದ್ದು.

ಸಾವಕಾರರು ಮೊದಲ ತುತ್ತಿಗೇ ಅಂದರು: “ನಿಮ್ಮ ಫಕೀರವ್ವನ ನಗಿ ಭಾಳ ಫೇಮಸ್ ಅಂತಲ್ಲ, ಸಂಗಪ್ಪಾ? ಎಲ್ಲೆದಾಳ ಆಕಿ?”

ಆಕೆ ರೊಟ್ಟಿಯ ಬುಟ್ಟಿ ಹಿಡಿದು ಬಂದಳು. ಸೆರಗು ಇನ್ನೂ ಕೆನ್ನೆಯ ಮೇಲೇ ಇತ್ತು.

“ಸೆರಗ ಯಾಕ ಮುಚ್ಚಗೊಂಡೀ? ಸರಸು. ನಗೂದ ನೋಡೂಣು.”

ಇಬ್ಬರು ಮೂವರು ಹಲ್ಲುಕಿರಿದರು. ಆಕೆ ಅಲುಗಲಿಲ್ಲ. ನಗೆ ನಿಂತಿತು. ಕೂತವರು ನಿಧಾನವಾಗಿ ತಟ್ಟೆಯಿಂದ ತಲೆ ಎತ್ತಿದರು.

“ಫಕೀರವ್ವಾ,” ಸಂಗಪ್ಪನವರ ದನಿ ಮೆತ್ತಗಿತ್ತು, ಆದರೆ ಮುಖ ಕೆಂಪಾಗಿತ್ತು. “ಸಾವಕಾರ್ರು ಚಾಷ್ಟಿ ಮಾಡಾಕತ್ತಾರ. ಒಂದ ಸಲ ನಗು.”

ಆಕೆ ಬುಟ್ಟಿಯನ್ನು ಬೆಂಚಿನ ಮೇಲಿಟ್ಟಳು. ಸೆರಗು ಸರಿಸಿದಳು.

ಎಡಗೆನ್ನೆ ಊದಿ ಕಣ್ಣಿನವರೆಗೂ ಏರಿತ್ತು. ತುಟಿ ಒಂದು ಕಡೆಗೆ ಎಳೆದುಕೊಂಡಿತ್ತು.

“ಹಲ್ಲ ಬ್ಯಾನಿ ಐತ್ರಿ,” ಎಂದಳು. ಒಂದೊಂದು ಶಬ್ದಕ್ಕೂ ಆಕೆಯ ಕಣ್ಣಲ್ಲಿ ನೀರಾಡುತ್ತಿತ್ತು. “ಐದ ದಿನಾ ಆತು. ದವಾಖಾನಿಗೆ ಹೋಗತೇನಿ ಅಂದ್ರ ಸೂಟಿ ಸಿಗಲಿಲ್ಲ. ನಗಾಕ ಆಗವಲ್ದು. ರೊಟ್ಟಿ ನೀಡ್ಲೇನ್ರಿ?”

ಸಾವಕಾರರು ತಟ್ಟೆ ನೋಡಿದರು. ನನ್ನ ಬಾಯಲ್ಲಿ ತುತ್ತಿತ್ತು. ಅದನ್ನು ನುಂಗಿ ಅಂದೆ: “ಮಾಲಕ್ರ, ಆಕಿನ್ನ ದವಾಖಾನಿಗೆ ಕಳಸ್ರಿ.”

ಇಷ್ಟೇ ನನ್ನ ಶೌರ್ಯ. ಅದಕ್ಕೂ ಆಯುಷ್ಯವಿರಲಿಲ್ಲ. ಸಂಗಪ್ಪನವರು ನನ್ನ ಕಡೆ ತಿರುಗಿದರು.

“ಈಗ ಹಿಂಗಂತೀರಿ ಮಾಸ್ತರ? ಸೋಮವಾರ ಮಾರಿ ಗಂಟ ಹಾಕ್ಯಾಳ ಅಂದವರು ನೀವ ಅಲ್ಲೇನು? ಗಿರಾಕಿ ದೂರ ಹೇಳಾಕತ್ತಾರ, ಗುರುವಾರ ನಕ್ಕೋತ ನೀಡಬೇಕು ಅಂತ ಅದಕ್ಕ ನಾ ಸೂಟಿ ಬ್ಯಾಡ ಅಂದೆ!”

ಫಕೀರವ್ವ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಹೆಸರು ನೆನಪಾಗದ ಯಾರನ್ನೋ ನೋಡುವಂತೆ ನೋಡಿದಳು.

“ಸುಮ್ನ ಅಂದಿದ್ದೆ...” ಎಂದೆ. ಅದು ನನಗೇ ಕೇಳಿಸಲಿಲ್ಲ.

ಆಕೆ ಒಳಗೆ ಹೋಗಿ ತನ್ನ ಕೈಚೀಲ ತಂದಳು. ಹಿಂದಿನ ಬಾಗಿಲಿತ್ತು. ಆಕೆ ಮುಂದಿನ ಬಾಗಿಲಿಗೇ ನಡೆದಳು, ನಮ್ಮೆಲ್ಲರ ನಡುವೆ.

“ಹೊಸ್ತಲಾ ದಾಟಿದಿ ಅಂದ್ರ ಮುಂಡರಗಿ ಮರತಬಿಡು!” ಸಂಗಪ್ಪನವರು ಕೂಗಿದರು.

ಆಕೆ ಹೊಸ್ತಿಲಲ್ಲಿ ನಿಂತಳು. ಹನ್ನೊಂದು ವರ್ಷ ನಿಂತಿತ್ತು ಅಲ್ಲಿ. ಆಮೇಲೆ ಚಪ್ಪಲಿ ಮೆಟ್ಟಿ ಇಳಿದುಹೋದಳು.

ಯಾರೂ ಹಿಂದೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಎರಡು ಗಂಟೆಗೆ ನನಗೆ ಪಾಠವಿತ್ತು. (ನೆಪಗಳು ಎಷ್ಟು ಸರಿಯಾದ ಹೊತ್ತಿಗೆ ಸಿಗುತ್ತವೆ ನೋಡಿ.)

ಮಳಿಗೆ ಸಂಗಪ್ಪನವರಿಗೇ ಸಿಕ್ಕಿತು. ಬ್ರಾಂಚ್ ಆಯಿತು. ಗಲ್ಲಾದ ಮೇಲೆ ಅವರ ಅಳಿಯ ಕೂತಿದ್ದಾನೆ. ಆತ ನಕ್ಕದ್ದನ್ನು ಮುಂಡರಗಿಯಲ್ಲಿ ಯಾರೂ ಕಂಡಿಲ್ಲವಂತೆ. ಯಾರೂ ದೂರು ಹೇಳಿಯೂ ಇಲ್ಲವಂತೆ.

ಹೋದ ಭಾನುವಾರ ವಿಳಾಸ ಕೇಳಿಕೊಂಡು ಬೆಟಗೇರಿಗೆ ಹೋದೆ. ಫಕೀರವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕೆನ್ನೆಯ ಬಾವು ಇಳಿದು ಮುಖ ಸಣ್ಣದಾಗಿತ್ತು.

“ಬರ್ರಿ ಮಾಸ್ತರ, ಕುಂಡ್ರಿ,” ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು.

“ತಪ್ಪಾತು ಫಕೀರವ್ವಾ. ಅವತ್ತ ನಾ ಹಂಗ ಅನಬಾರದಿತ್ತು.”

ಆಕೆ ಮೊರದಿಂದ ಕಣ್ಣೆತ್ತಲಿಲ್ಲ. “ಅಂದದ್ದಕ್ಕಲ್ರಿ. ಇಷ್ಟ ವರ್ಷ ನಿಮ್ಮೆಲ್ಲಾರ ಮಾರಿ ನೋಡೇ ನೀಡೀನಿ. ಒಂದ ದಿನಾ ನನ್ನ ಮಾರಿ ಸಣ್ಣ ಆಗಿತ್ತು. ‘ಯಾಕ ಫಕೀರವ್ವಾ, ಏನಾತು?’ ಅಂತ ನನ್ನ ಕೇಳಬೇಕಿತ್ತಲ್ರಿ. ನೀವು ಮಾಲಕರನ್ನ ಕೇಳಿದ್ರಿ.”

ನಾನು ನೀರಿನ ಲೋಟ ಕೆಳಗಿಟ್ಟು, ಈಗ ಎಲ್ಲಿ ಕೆಲಸ ಎಂದು ಕೇಳಿದೆ.

ಈಗ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾಳಂತೆ. ಗೋಡೆಯ ಕಿಂಡಿಯಿಂದ ಬುಟ್ಟಿ ಆಚೆ ತಳ್ಳಿದರೆ ಆಯಿತು. ಉಣ್ಣುವವರು ಯಾರೋ, ಬಡಿಯುವವರು ಯಾರೋ.

“ಅಲ್ಲೆ ಚಲೋ ಐತೇನು?” ಎಂದೆ.

“ಪಗಾರ ಕಡಿಮಿ,” ಎಂದಳು. ಮೊರವನ್ನು ಒಮ್ಮೆ ಕೇರಿ ಹೊಟ್ಟು ಹಾರಿಸಿದಳು. “ಆದ್ರ ಮಾರಿ ನಂದ ಐತಿ.”

ಊಟಕ್ಕೆ ಕೂತ ಮಾತ್ರಕ್ಕೆ ನೀಡುವವರ ಮುಖವೂ ನಮ್ಮದಾಗುತ್ತದೆ ಎಂದು ನಮಗೆ ಹೇಳಿದವರಾದರೂ ಯಾರು?