ಗದ್ದೆಯಲ್ಲಿ ಅಪ್ಪ ನನ್ನ ಬಾಯಿ ಮುಚ್ಚಿದ್ದು

ನಾನು ಚಿಕ್ಕವನಿದ್ದಾಗ ಒಂದು ಸಂಜೆ ನನ್ನ ಅಪ್ಪನೇ ನನ್ನನ್ನು ಕೊಂದುಬಿಡುತ್ತಿದ್ದ. ಸ್ವಲ್ಪದರಲ್ಲಿ ಉಳಿದೆ. ಅದನ್ನೇ ಹೇಳುತ್ತೇನೆ, ಕೇಳಿ ಮಕ್ಕಳೇ.

ವಯನಾಡು ಹೊಸ ಜಿಲ್ಲೆಯಾದ ಕಾಲ. ನೂಲ್ಪುಳದಲ್ಲಿ ನಮ್ಮ ಗದ್ದೆ ಕಾಡಿಗೆ ಅಂಟಿಕೊಂಡಿತ್ತು. ಭತ್ತ ಹಾಲುಗಟ್ಟಿದರೆ ಆನೆ ಬರುತ್ತಿತ್ತು. ಹೊತ್ತು ಇಳಿಯುವ ಮೊದಲೇ ಕಾವಲು ಅಟ್ಟಣೆಗೆ ಹೋಗಿ ತಗಡು ಬಡಿದು, ಪಟಾಕಿ ಸಿಡಿಸಿ ಕಾಯಬೇಕು. ಪಟಾಕಿಗೆ ನಮ್ಮಲ್ಲಿ 'ಪಡಕ್ಕ' ಎನ್ನುತ್ತಿದ್ದರು. ನಮ್ಮ ಮನೆಯಿಂದ ಅಮ್ಮ ಹೋಗುತ್ತಿದ್ದಳು, ಅಪ್ಪ ಹೋಗುತ್ತಿರಲಿಲ್ಲ. ಅವನು ಸೈನ್ಯದಲ್ಲಿದ್ದವನು. ಊರವರು 'ಪಟ್ಟಾಳದೋರು' ಎನ್ನುತ್ತಿದ್ದರು. ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕಿ ತಪ್ಪಿಸಿಕೊಂಡು ಬಂದಿದ್ದ. ಬಲಗೈಯ ಮೂರು ಬೆರಳಿಗೆ ಉಗುರಿರಲಿಲ್ಲ. ಅವರು ಕಿತ್ತಿದ್ದರು. ಹೇಗೆ ತಪ್ಪಿಸಿಕೊಂಡೆ ಎಂದು ಕೇಳಿದರೆ ಎದ್ದು ಹೋಗುತ್ತಿದ್ದ.

ಆ ದಿನ ಅಮ್ಮನಿಗೆ ಜ್ವರ. ಅಪ್ಪ, ಅಕ್ಕ, ನಾನು ಹೋದೆವು. ಗದ್ದೆಯಲ್ಲಿ ಎಳೆ ಭತ್ತದ ಸಿಹಿ ವಾಸನೆ. ಅಪ್ಪ ಬದುವಿನ ಮೇಲೆ ನಮಗೆ ಬೆನ್ನು ಹಾಕಿ ಕೂತು ಬೀಡಿ ಸೇದುತ್ತಿದ್ದ.

"ಪಟ್ಟಾಳದೋರ್ಗೆ ಪಡಕ್ಕ ಕಂಡ್ರೆ ಹೆದ್ರಿಕೆಯಾ?" ಎಂದೆ ಅಕ್ಕನಿಗೆ.

"ಸುಮ್ಕಿರು, ಒದಿಸ್ಕೊಂಡೀಯ."

ನಾನು ಸುಮ್ಮನಿರಲಿಲ್ಲ. ಒಂದು ಪಟಾಕಿ ಹಚ್ಚಿ ಅಪ್ಪನ ಬೆನ್ನ ಹಿಂದೆ ಎಸೆದೆ.

ಢಂ ಎಂದಿತು. ಅಪ್ಪ ನನ್ನ ಮೇಲೆ ಬಿದ್ದ. ಕುತ್ತಿಗೆ ಹಿಡಿದು ಎಳೆದು ಕೆಸರಿಗೆ ಒತ್ತಿದ. ಎದೆಯ ಮೇಲೆ ಮಂಡಿ. ಬಾಯಿ ಮೂಗಿನ ಮೇಲೆ ಆ ಉಗುರಿಲ್ಲದ ಕೈ. ಅವನ ಕಣ್ಣು ನನ್ನನ್ನು ನೋಡುತ್ತಲೇ ಇರಲಿಲ್ಲ. "ಸದ್ದು ಮಾಡ್ಬ್ಯಾಡ. ಬತ್ತಾವ್ರೆ, ಬತ್ತಾವ್ರೆ," ಎನ್ನುತ್ತಿದ್ದ. ನಾನು ಕಾಲಿನಿಂದ ಒದ್ದೆ, ಪರಚಿದೆ. ಕಣ್ಣು ಕತ್ತಲಾಯಿತು. ಕಾಲಾಡುವುದು ನಿಂತಿತು.

"ಬುಡಪ್ಪಾ! ನಮ್ ಮೊಗ ಕನಪ್ಪಾ ಅದು!" ಅಕ್ಕ ಕಿರುಚಿದಳು. ಅವನು ಬಿಡಲಿಲ್ಲ. ತಗಡು ಬಡಿಯುವ ದೊಣ್ಣೆ ತೆಗೆದು ಅಪ್ಪನ ತಲೆಗೇ ಬಾರಿಸಿದಳು. ಎರಡನೆಯ ಏಟಿಗೆ ಕೈ ಸಡಿಲವಾಯಿತು. ಅವನ ರಕ್ತ ನನ್ನ ಬಾಯಿಗೆ ಬಿತ್ತು. ಬಿಸಿ, ಉಪ್ಪು.

ಅಪ್ಪ ಕೆಸರಲ್ಲೇ ಕೂತು ಮೊದಲ ಸಲ ಬಾಯಿಬಿಟ್ಟ. ಶತ್ರುಗಳ ಸೆರೆಯಲ್ಲಿ ಕಾವಲಿನವನ ತಲೆಯನ್ನು ಇಟ್ಟಿಗೆಯಿಂದ ಜಜ್ಜಿ ಅಪ್ಪನೂ ಇನ್ನೊಬ್ಬ ಸೈನಿಕನೂ ಓಡಿದ್ದರು. ಜೊತೆಗಾರನ ಹೊಟ್ಟೆಗೆ ಗುಂಡು ಬಿದ್ದಿತ್ತು. ಕಬ್ಬಿನ ಗದ್ದೆಯಲ್ಲಿ ಅಡಗಿದರು. ಹುಡುಕುವವರು ಗುಂಡು ಹಾರಿಸುತ್ತಾ ಹತ್ತಿರ ಬಂದಾಗ ಜೊತೆಗಾರ ನರಳಿದ. ಅಪ್ಪ ಅವನ ಬಾಯಿ ಮುಚ್ಚಿದ.

"ಅವ್ರು ಹೋದ್ರು. ಕೈ ತಗ್ದು ನೋಡ್ದೆ. ಸತ್ತೋಗಿದ್ದ," ಎಂದ.

ಆಮೇಲೆ ಅಪ್ಪನೇ ಅಟ್ಟಣೆಗೆ ಬರತೊಡಗಿದ. ಪಟಾಕಿ ಸಿಡಿದಾಗಲೆಲ್ಲ ನನ್ನ ಹೆಸರು ಕೂಗುತ್ತಿದ್ದ. ನಾನು ಗಂಟಲು ಹರಿಯುವ ಹಾಗೆ "ಓ" ಎನ್ನಬೇಕು. ಎನ್ನುವವರೆಗೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದ.

ಈಗ ಗದ್ದೆಗೆ ಕರೆಂಟು ಬೇಲಿ ಇದೆ, ಅಟ್ಟಣೆ ಇಲ್ಲ. ನೀವು ಅಂಗಳದಲ್ಲಿ ಕಣ್ಣಾಮುಚ್ಚಾಲೆ ಆಡುತ್ತೀರಿ. ಮೊನ್ನೆ ಹುಲ್ಲಿನ ಬಣವೆ ಹಿಂದೆ ನಿಮ್ಮಲ್ಲಿ ಚಿಕ್ಕವಳು ಕಿಸಕ್ಕೆಂದು ನಕ್ಕಳು. ಸಿಕ್ಕಿಬೀಳುತ್ತೇವೆಂದು ಅಣ್ಣ ಅವಳ ಬಾಯಿ ಮುಚ್ಚಿದ. ನಾನು ಅವನ ಕೈ ಕಿತ್ತೆಳೆದೆ. ಅವನು ಅತ್ತ. ತಾತ ಆಟ ಕೆಡಿಸಿದ ಎಂದಿರಿ. ಕೆಡಲಿ. ಸಿಕ್ಕಿಬಿದ್ದರೆ ಔಟ್, ಅಷ್ಟೇ ತಾನೇ? ಅವಳು ನಗಲಿ ಬಿಡಿ.