ಒಂದೇ ದಾರಿಯ ಎರಡು ಚಂಡಮಾರುತ

ಕಂಪ್ಲಿ ಸೀಮೆಯ ಭತ್ತದ ಬೇಸಾಯಕ್ಕೆ ಮೂರು ದಶಕ ಹೆಗಲು ಕೊಟ್ಟ ಕೃಷಿ ಅಧಿಕಾರಿಗಳ ಸಾಲಿನಲ್ಲಿ ಶ್ರೀಮತಿ ಗಂಗಾಂಬಿಕಾ ಅವರದು ಗೌರವದ ಸ್ಥಾನ. ಸೇವೆ ಆರಂಭಿಸಿದ್ದು ಸಂಡೂರಿನಲ್ಲಿ. ಗುಡ್ಡದ ಮೇಲೆ ಬಿದ್ದ ಮಳೆ ಗಳಿಗೆಯಲ್ಲಿ ಹಳ್ಳ ಸೇರುವುದನ್ನು ಅಲ್ಲಿ ಕಂಡರು. ಅದೇ ಮಳೆ ಎರೆನೆಲದಲ್ಲಿ ವಾರಗಟ್ಟಲೆ ನಿಲ್ಲುವುದನ್ನು ಕಂಪ್ಲಿಗೆ ಬಂದ ಮೇಲೆ ಕಂಡರು.

ನಿವೃತ್ತಿ ಹತ್ತಿರವಿದ್ದಾಗ ಒಮ್ಮೆ ಚಂಡಮಾರುತದ ಸುದ್ದಿ ಬಂತು. ಅವರ ಮಾತು ಕೇಳಿ ಎಮ್ಮಿಗನೂರಿನ ರೈತರು ಹಸಿಭತ್ತವನ್ನೇ ಕೊಯ್ದರು. ಚಂಡಮಾರುತವೋ ಆಂಧ್ರದ ಕರಾವಳಿ ದಾಟಿ ಬಂದು ನಾಲ್ಕು ಹನಿ ಉದುರಿಸಿ ಹೋಯಿತು. ತೇವ ಹೆಚ್ಚೆಂದು ಮಿಲ್ಲಿನವರು ಬೆಲೆ ಇಳಿಸಿದರು.

ಮರುವರ್ಷ ಇನ್ನೊಂದು ಚಂಡಮಾರುತ ಅದೇ ದಾರಿ ಹಿಡಿಯಿತು. ಕೆಸರಿನಲ್ಲೂ ನಡೆಯುವ ಕೊಯ್ಲಿನ ಯಂತ್ರ ಊರಿಗೆ ಒಂದೇ ಬಂದಿತ್ತು. ಮೊದಲ ಸರದಿ ರೈತ ಹುಲುಗಪ್ಪನವರದು, ಅವರ ಗದ್ದೆ ಎತ್ತರದಲ್ಲಿ. ಹೊನ್ನೂರಮ್ಮನವರದು ಹೊಳೆದಂಡೆಯ ತಗ್ಗಿನಲ್ಲಿ. ಯಂತ್ರವನ್ನು ಮೊದಲು ತಗ್ಗಿಗೆ ಬಿಡಬೇಕೆಂದು ಗಂಗಾಂಬಿಕಾ ಕೇಳಿದರು.

“ಹೋದ ವರ್ಷನೂ ಹಿಂಗ ಓಡಿಸಿದ್ರಿ ಮೇಡಮ್ಮಾರ. ಗಾಳಿ ನಿಮ್ಮ ಮಾತು ಕೇಳ್ತೈತೇನ್ರಿ?” ಎಂದರು ಹುಲುಗಪ್ಪ.

ಮಾತು ನಾಟಿತು. ಆದರೂ ಗಂಗಾಂಬಿಕಾ ಕದಲಲಿಲ್ಲ. “ದಾರಿ ಅದೇ ಹುಲುಗಪ್ಪಣ್ಣ, ನಡಿಗಿ ಬ್ಯಾರೆ. ಹೋದ ವರ್ಷದ್ದು ಬಸ್ ತಪ್ಪುತೈತಿ ಅನ್ನೋಹಂಗ ಓಡಿತು. ಇದು ಬೀಗರ ಹಂಗ ಕುಂತು ಉಂಡು ಹೋಗೂದೈತಿ. ಆಗ ನೆಲ ಒಣಗಿತ್ತು, ಕುಡೀತು. ಈಗ ಹಿಂದಿನ ಮಳಿ ನೀರೇ ಇಂಗಿಲ್ಲ. ನಿಮ್ಮ ಗದ್ದಿ ನೀರು ಹರಿದು ಹೋಗತೈತಿ, ಹೊನ್ನೂರಮ್ಮಂದು ಎಲ್ಲಿಗೆ ಹೋಗಬೇಕ್ರಿ?”

“ನನ್ನ ಪೈರು ಮಲಗಿದ್ರ?”

“ಎಬ್ಬಿಸಾಕ ನಾನೇ ಬರ್ತೀನಿ.”

ಅಲ್ಲೇ ನಿಂತಿದ್ದ ಹೊನ್ನೂರಮ್ಮ, “ನಾನೂ ಬರ್ತೀನಣ್ಣ, ನನ್ನ ಮಂದಿನೂ ಬರ್ತಾರ” ಎಂದರು.

ಹುಲುಗಪ್ಪ ಯಂತ್ರದವನ ಕಡೆ ಕೈಬೀಸಿದರು. “ತಗ್ಗಿಗೆ ಹೊಡಿಯಲೇ, ಜಲ್ದಿ!”

ಮಳೆ ಎರಡು ದಿನ ಬಿಡಲಿಲ್ಲ. ತಗ್ಗಿನ ಗದ್ದೆ ಕೆರೆಯಾಯಿತು. ಅಷ್ಟರಲ್ಲಿ ಹೊನ್ನೂರಮ್ಮನವರ ಭತ್ತ ಮನೆ ಸೇರಿತ್ತು. ಹುಲುಗಪ್ಪನವರ ಪೈರು ಅರ್ಧಕ್ಕರ್ಧ ಮಲಗಿತು, ನೀರು ಮಾತ್ರ ನಿಲ್ಲಲಿಲ್ಲ. ಮಳೆ ಬಿಟ್ಟ ಬೆಳಿಗ್ಗೆ ಗಂಗಾಂಬಿಕಾ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದರು. ಹೊನ್ನೂರಮ್ಮ ಮತ್ತು ಅವರ ಮಂದಿಯೊಡನೆ ಸಂಜೆಯತನಕ ಪೈರೆತ್ತಿ ಕಟ್ಟಿದರು. ಒಂದಷ್ಟು ಕಾಳು ಹೋಯಿತು. ಉಳಿದದ್ದು ಮೊಳಕೆಯೊಡೆಯದೆ ಕೈಗೆ ಸಿಕ್ಕಿತು.

ಈಗ ಅವರು ನಿವೃತ್ತರು. ಮೊನ್ನೆ ಸಮುದ್ರದಲ್ಲಿ ಮತ್ತೆ ಗಾಳಿ ಎದ್ದ ಸುದ್ದಿ ಕೇಳಿ ಹುಲುಗಪ್ಪ ನೇರವಾಗಿ ಹೊಸಪೇಟೆಯ ಅವರ ಮನೆಗೇ ಬಂದರು. “ಯಂತ್ರ ಈ ಸಲ ಯಾರ ಗದ್ದಿಗೆ ಮೊದ್ಲು ಬಿಡೂಣ್ರಿ?”

ಗಂಗಾಂಬಿಕಾ ಚಪ್ಪಲಿ ಮೆಟ್ಟಿಕೊಂಡರು. “ಕುಂತಲ್ಲೆ ಹ್ಯಾಂಗ ಹೇಳ್ಲಿ? ನಡ್ರಿ, ನೋಡೂಣು.”

ನಮ್ಮ ಗದ್ದೆಗಳ ಬದುವಿನ ಮೇಲೆ ಅವರು ಇನ್ನೂ ಬಹುಕಾಲ ಹೀಗೇ ನಡೆಯುತ್ತಿರಲಿ. ಆ ಕಾಲುಗಳಿಗೆ ನೂರು ವರ್ಷದ ಕಸುವಿರಲಿ.