ಹಗ್ಗದ ಕೆಳಗೆ ಹಾಡಿದವಳು

ಶನಿವಾರದ ಭಜನೆಯಲ್ಲಿ ನಳಿನಾಕ್ಷಿ ಯಾವಾಗಲೂ ಕೊನೆಯ ಸಾಲಿನಲ್ಲಿ, ಚಪ್ಪಲಿಗಳ ರಾಶಿಯ ಹತ್ತಿರ ಕೂರುತ್ತಿದ್ದಳು. ಘಣಸೋಲಿಯ ಹಳೇ ಊರಿನ ಆ ಸಣ್ಣ ಗುಡಿಯಲ್ಲಿ ಹಾರ್ಮೋನಿಯಂ ಪಕ್ಕದ ಜಾಗ ಹಾಡು ಕಲಿತವರಿಗೆ. ಅವಳು ಕಲಿತವಳಲ್ಲ. ಎಲ್ಲರೂ ಸಾಲು ಮುಗಿಸಿ ಉಸಿರು ತೆಗೆದುಕೊಂಡರೆ ಅವಳು ನಡುವೆ ಎಲ್ಲೋ ತೆಗೆದುಕೊಂಡುಬಿಡುವಳು. ಉಳಿದವರು ನಿಲ್ಲಿಸಿದ ಮೇಲೂ ಅವಳ ದನಿ ಒಂದು ಗಳಿಗೆ ಒಂಟಿಯಾಗಿ ಉಳಿಯುತ್ತಿತ್ತು. ಹಾರ್ಮೋನಿಯಂ ಬಾರಿಸುವವರು ಹಿಂದೆ ತಿರುಗಿ, "ನಳಿನಕ್ಕ, ಸ್ವಲ್ಪ ಸಣ್ಣಕ್ಕೆ ಹೇಳಿ" ಅನ್ನುತ್ತಿದ್ದರು.

೨೦೧೩ರ ಮಳೆ ಬಿಡುವ ಹೊತ್ತಿಗೆ ಆ ಭಜನೆಗೆ ಮನೀಶ್ ಎಂಬುವನು ಬಂದ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಉಡುಪಿ ಕಡೆಯವನು, ಮೂವತ್ತರ ಆಸುಪಾಸು. ತುರ್ಭೆಯ ಒಂದು ಖಾಲಿ ಗೋಡೌನಿನಲ್ಲಿ ನಾಲ್ಕೈದು ಗೆಳೆಯರೊಂದಿಗೆ ಹೊಸ ಬಗೆಯ ಸರ್ಕಸ್ ಕಟ್ಟುತ್ತಿದ್ದ. ಅದರಲ್ಲಿ ಆನೆ, ಸಿಂಹ, ಬಫೂನು ಯಾರೂ ಇಲ್ಲ. ಹಗ್ಗದ ಮೇಲೆ, ಏಣಿಯ ಮೇಲೆ ದೇಹದ ಕಸರತ್ತಿನಿಂದಲೇ ಒಂದು ಕಥೆ ಹೇಳುವುದು. ಅದಕ್ಕೆ ಮೈಕಿಲ್ಲದೆ ಹಾಡುವ ಒಂದು ಹೆಣ್ಣುದನಿ ಬೇಕಿತ್ತು. ಗುಡಿಯವರು ಮುಂದಿನ ಸಾಲಿನ ಇಬ್ಬರನ್ನು ತೋರಿಸಿದರು. ಮನೀಶ್ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನಳಿನಾಕ್ಷಿಯ ಬಳಿ ಬಂದು ನಿಂತ.

"ನಂಗೆ ತಾಳ ಬರುದಿಲ್ಲ ಮಾರಾಯ," ಅಂದಳು ಅವಳು. "ಅವ್ರನ್ನು ಕೇಳು."

"ತಾಳ ನಾನು ನೋಡ್ಕೊಳ್ತೇನೆ ಆಂಟಿ. ನೀವು ಉಸಿರು ತಗೊಳ್ಳೋದು ಕೇಳಿದೆ. ಬಸ್, ಅದೇ ಬೇಕು, ವಹೀ ಚಾಹಿಯೇ."

ನಳಿನಾಕ್ಷಿಗೆ ಆಗ ನಲವತ್ತಾರು. ಐರೋಲಿಯ ಒಂದು ಐಟಿ ಕಂಪೆನಿಯ ಕ್ಯಾಂಟೀನಿನಲ್ಲಿ ಬೆಳಗ್ಗೆ ಆರರಿಂದ ಮೂರರವರೆಗೆ ತರಕಾರಿ ಹೆಚ್ಚುವ ಕೆಲಸ. ಮಗ ಶೈಲೇಶ್ ಪುಣೆಯಲ್ಲಿ ಕೊರಿಯರ್ ಆಫೀಸಿನಲ್ಲಿದ್ದ. ಫೋನಿನಲ್ಲಿ ಅವಳು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಗಂಡ ವಾಸು ಮಸ್ಕತ್ತಿನಲ್ಲಿ ಹೋಟೆಲು ಕೆಲಸದಲ್ಲಿದ್ದಾನೆ ಎಂದು ಆ ಸಾಲುಮನೆಗಳ ಚಾಳಿನವರೆಲ್ಲ ತಿಳಿದಿದ್ದರು. ಮಗನಿಗೂ ಅವಳು ಹಾಗೆಯೇ ಹೇಳಿದ್ದಳು.

ನಿಜ ಬೇರೆ ಇತ್ತು. ೨೦೦೪ರಲ್ಲಿ ಮಸ್ಕತ್ತಿಗೆಂದು ಹೊರಟ ವಾಸು ವಿಮಾನ ಹತ್ತಲೇ ಇಲ್ಲ. ಎರಡು ವರ್ಷದ ಮೇಲೆ, ಹಿಂದೆ ಅವನ ಜೊತೆ ಅಡುಗೆ ಮಾಡುತ್ತಿದ್ದವನೊಬ್ಬ ಥಾಣೆ ಸ್ಟೇಷನ್ನಿನಲ್ಲಿ ಸಿಕ್ಕಿ, ಅವನನ್ನು ನಾಸಿಕದ ಒಂದು ಹೋಟೆಲಿನಲ್ಲಿ ನೋಡಿದೆ ಅಂದ. ನಳಿನಾಕ್ಷಿ ಯಾರಿಗೂ ಹೇಳದೆ ಒಂದು ಸೋಮವಾರ ಎಸ್.ಟಿ. ಬಸ್ಸು ಹತ್ತಿ ಹೋದಳು. ಹೋಟೆಲಿನ ಎದುರು ರಸ್ತೆಯ ಈಚೆ ನಿಂತಳು. ವಾಸು ಗಲ್ಲೆಯ ಹಿಂದೆ ಕೂತಿದ್ದ. ಒಳಗಿನಿಂದ ಒಬ್ಬ ಹೆಂಗಸು ಮಗುವನ್ನು ಎತ್ತಿ ತಂದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಗಲ್ಲೆಯ ಮೇಲೆ ಕೂರಿಸಿ ಅದರ ಮೂಗು ಒರೆಸಿದ. ನಳಿನಾಕ್ಷಿ ರಸ್ತೆ ದಾಟಲಿಲ್ಲ. ಅದೇ ಸಂಜೆ ಮನೆಗೆ ಬಂದು, ಹತ್ತಿರದ ಮನೆಯವರು ಕೇಳಿದ್ದಕ್ಕೆ ಕಲ್ಯಾಣ್‌ಗೆ ಹೋಗಿದ್ದೆ ಅಂದಳು.

ಗೋಡೌನಿನಲ್ಲಿ ಅವಳ ಪಾಲಿಗೆ ಬಂದದ್ದು ಮಾನಸಿಯ ಹಗ್ಗ. ಮಾನಸಿ ಥಾಣೆಯ ಮರಾಠಿ ಹುಡುಗಿ. ಛಾವಣಿಯ ಕಬ್ಬಿಣದ ತೊಲೆಯಿಂದ ಇಳಿಬಿಟ್ಟ ದಪ್ಪ ಹಗ್ಗವನ್ನು ಬರಿಗೈಯಲ್ಲಿ ಏರಿ, ಕಾಲಿಗೆ ಸುತ್ತಿಕೊಂಡು, ಎರಡು ಕೈಗಳನ್ನೂ ಬಿಟ್ಟು ಕೆಳಗೆ ಜಾರಿ, ನೆಲಕ್ಕೆ ಒಂದಾಳೆತ್ತರ ಇರುವಾಗ ನಿಲ್ಲುತ್ತಿದ್ದಳು. ಹಳೇ ಸರ್ಕಸ್ಸಿನಲ್ಲಾದರೆ ಅಂಥ ಹೊತ್ತಿನಲ್ಲಿ ಡ್ರಮ್ಮು ಬಡಿದು ಜನರನ್ನು ಹೆದರಿಸುತ್ತಾರೆ. ಮನೀಶನಿಗೆ ಅದು ಬೇಡವಾಗಿತ್ತು. "ಜನ ಹೆದರಬಾರ್ದು ಆಂಟಿ. ಅವಳ ಜೊತೆ ಅವರೂ ಉಸಿರು ಹಿಡಿಬೇಕು, ಅಷ್ಟೇ."

ಕಟ್ಟುವ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಮೂರಕ್ಕೆ ಕ್ಯಾಂಟೀನು ಬಿಟ್ಟು, ಟ್ರಾನ್ಸ್-ಹಾರ್ಬರ್ ಲೋಕಲ್ ಗಾಡಿಯಲ್ಲಿ ತುರ್ಭೆಗೆ ಹೋಗಿ, ನಳಿನಾಕ್ಷಿ ಹಗ್ಗದ ಕೆಳಗೆ ಮರದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮನೀಶ್ ಒಂದು ದೊಡ್ಡ ಡೋಲನ್ನು ಬೆರಳ ತುದಿಯಿಂದ ಮಾತ್ರ ನುಡಿಸುತ್ತಿದ್ದ. ಮೊದಲು ರಾಗ ಬಂತು: ಏರುವಾಗ ಮೂರೇ ಸ್ವರ, ಮೇಲೆ ಮುಟ್ಟಿದಾಗ ಒಂದು ಉದ್ದದ ಎಳೆತ, ಆಮೇಲೆ ಮೌನ. ಮಾತಿಲ್ಲದೆ ಬರೀ 'ಆ' ಎಂದು ಆಕಾರದಲ್ಲಿ ಹಾಡಿದರೆ ದನಿ ಸಪ್ಪೆಯಾಗುತ್ತಿತ್ತು.

"ಏನಾದ್ರೂ ಮಾತು ಹಾಕಿ," ಅಂದ ಮನೀಶ್. "ಮನೆಯಲ್ಲಿ ತುಳು ತಾನೆ? ಅದರಲ್ಲೇ ಹಾಕಿ."

"ನಿಂಗೆ ಗೊತ್ತಾಗ್ತದಾ ತುಳು?"

"ಅಜ್ಜಿ ಹೋದ ಮೇಲೆ ಯಾರು ಮಾತಾಡ್ತಾರೆ? ಕುಛ್ ಭೀ ಸಮಝ್ ಮೇ ನಹೀ ಆತಾ." ಏನೂ ತಿಳಿಯುವುದಿಲ್ಲವಂತೆ.

ಮೊದಮೊದಲು ಅವಳು ಬಾಯಿಗೆ ಬಂದದ್ದನ್ನೇ ಹಾಡಿದಳು. ಇವತ್ತು ಮೂವತ್ತು ಕಿಲೋ ಈರುಳ್ಳಿ, ನಲ್ಲಿಯಲ್ಲಿ ನೀರು ಬರಲಿಲ್ಲ, ಘಣಸೋಲಿಯಲ್ಲಿ ಗಾಡಿ ನಿಂತಿತು. ರಾಗದಲ್ಲಿ ಅದೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಒಂದು ದಿನ ಮಾನಸಿ ಅರ್ಧ ಏರಿದ್ದಾಗ ನಳಿನಾಕ್ಷಿಯ ಬಾಯಿಂದ, ಅವಳು ಎಣಿಸದೆಯೇ, ಬೇರೆ ಮಾತು ಬಂತು. ಮಸ್ಕತ್ತಿನಲ್ಲಿಲ್ಲ, ನಾಸಿಕದಲ್ಲಿದ್ದಾರೆ. ಬಸ್ಸಿಳಿದೆ, ರಸ್ತೆಯ ಈಚೆ ನಿಂತೆ. ಮಗುವಿನ ಮೂಗು ಒರೆಸಿದರು. ಅಲ್ಲಿಗೆ ಬಂದಾಗ ದನಿ ತಾನಾಗಿಯೇ ನಿಂತಿತು. ಆಮೇಲೆ, ನಾನು ದಾಟಲಿಲ್ಲ.

ಮಾನಸಿ ಜಾರಿ ಬಂದು ನಿಂತಳು. ಮನೀಶ್ ಡೋಲಿನ ಮೇಲೆ ಅಂಗೈ ಇಟ್ಟು, "ಇದೇ ಇರಲಿ," ಅಂದ.

ಜನವರಿಯಿಂದ ಶನಿವಾರ ಭಾನುವಾರ ಸಂಜೆ ಆರೂವರೆಗೆ ಆಟ. ಗೋಡೌನಿನಲ್ಲಿ ನೂರಿಪ್ಪತ್ತು ಕುರ್ಚಿ. ನೋಡಲು ಬಂದವರಿಗೆ ಹಂಚುವ ಕಾಗದದಲ್ಲಿ ಹಾಕಲು ಮನೀಶ್ ಹಾಡಿನ ಅರ್ಥ ಕೇಳಿದಾಗ ಅವಳು "ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಹಾಡು" ಅಂದುಬಿಟ್ಟಳು. ಅವನು ಹಾಗೆಯೇ ಅಚ್ಚು ಹಾಕಿಸಿದ. ಜನ ಅದನ್ನು ಓದಿ ಕೂತು, ಕೇಳಿ, ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಎಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅವಳು ನೂರಾರು ಮಂದಿಯ ಎದುರು ಗಟ್ಟಿಯಾಗಿ ಹೇಳುತ್ತಿದ್ದಳು, ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಟ ಮುಗಿದ ಮೇಲೆ ಉಳಿದವರು ಒಟ್ಟಿಗೆ ವಡಾಪಾವ್ ತಿನ್ನಲು ಹೋದರೆ ಅವಳು ಸೀರೆಯ ಸೆರಗು ಹೊದ್ದು ಒಬ್ಬಳೇ ಸ್ಟೇಷನ್ನಿಗೆ ನಡೆಯುವಳು. ಮನಸ್ಸು ಹಗುರವಾಗಿರುತ್ತಿತ್ತು. ಮನೆಯ ಬೀಗ ತೆಗೆಯುವ ಹೊತ್ತಿಗೆ ಆ ಹಗುರ ಹೋಗಿರುತ್ತಿತ್ತು.

ಫೆಬ್ರವರಿಯ ಒಂದು ಭಾನುವಾರ ಆಟ ಮುಗಿದು ಅವಳು ಸ್ಟೂಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದಾಗ ಒಬ್ಬರು ಹೆಂಗಸು ಹತ್ತಿರ ಬಂದರು. ಅರವತ್ತು ದಾಟಿದವರು, ಬಿಳಿ ಕೂದಲು, ಕನ್ನಡಕ.

"ನಾಸಿಕದಲ್ಲಿ ಎಲ್ಲಿ?" ಎಂದು ತುಳುವಿನಲ್ಲಿ ಕೇಳಿದರು.

ನಳಿನಾಕ್ಷಿಯ ಕೈಯಲ್ಲಿದ್ದ ಬಾಟಲಿ ವಾಲಿ ನೀರು ಮಡಿಲಿಗೆ ಚೆಲ್ಲಿತು. "ಪಂಚವಟಿಯ ಹತ್ತಿರ," ಎಂದು ಅವಳ ಬಾಯಿ ಹೇಳಿಬಿಟ್ಟಿತು.

ಅವರು ತಮ್ಮ ಕರ್ಚೀಪಿನಿಂದ ಅವಳ ಸೀರೆಯ ನೀರು ಒರೆಸಿದರು. "ದಾಟಬೇಕಿತ್ತು ಅಂತ ನಾನು ಹೇಳುದಿಲ್ಲ," ಅಂದರು. "ದಾಟಿ ಹೋಗಿ ಜಗಳ ಮಾಡಿದವಳು ನಾನು. ಮನೆಗೆ ಬರುವಾಗ ಒಬ್ಬಳೇ ಬಂದದ್ದು." ಆಮೇಲೆ, "ನಾನು ಉಮಾವತಿ. ಕಲ್ವಾದಲ್ಲಿರುದು."

ಅಷ್ಟರಲ್ಲಿ ಬಾಗಿಲಿನಿಂದ ಉಮಾವತಿಯ ಸೊಸೆ ಕೂಗಿದಳು. "ಮಮ್ಮೀ, ರಿಕ್ಷಾ ಆ ಗಯಾ." ಉಮಾವತಿ ಅವಳ ಭುಜ ಒಮ್ಮೆ ಒತ್ತಿ ಹೊರಟುಹೋದರು.

ಆ ವಾರವಿಡೀ ನಳಿನಾಕ್ಷಿಗೆ ಹೆದರಿಕೆ. ಕಲ್ವಾದ ಹೆಂಗಸು ಯಾರಿಗಾದರೂ ಹೇಳಿದರೆ, ಮಾತು ಚಾಳಿಗೆ ಬಂದರೆ, ಶೈಲೇಶನ ಕಿವಿಗೆ ಬಿದ್ದರೆ. ಶನಿವಾರದ ಆಟದಲ್ಲಿ ಅವಳು ನಾಸಿಕವನ್ನು ಬಿಟ್ಟು ಈರುಳ್ಳಿ, ನಲ್ಲಿನೀರನ್ನೇ ಹಾಡಿದಳು. ರಾಗ ಅದೇ. ಮೇಲೆ ಮಾನಸಿ ಕಾಲಿಗೆ ಹಗ್ಗ ಸುತ್ತುವುದು ಅರ್ಧವಾಗಿದ್ದಾಗಲೇ ಕೈ ಬಿಟ್ಟಳು. ಹಗ್ಗ ಮೊಣಕಾಲಿನ ಹಿಂದೆ ಉಜ್ಜಿಕೊಂಡು ಓಡಿತು. ಹೇಗೋ ಒಂದು ಕೈಯಲ್ಲಿ ಹಿಡಿದು ನಿಂತಳು. ಜನ ಅದೂ ಆಟದ ಭಾಗವೆಂದು ಚಪ್ಪಾಳೆ ಹೊಡೆದರು.

ಪರದೆಯ ಹಿಂದೆ ನಳಿನಾಕ್ಷಿ ಅವಳ ಕಾಲಿಗೆ ಮುಲಾಮು ಹಚ್ಚಿದಳು. ಚರ್ಮ ಸುಲಿದು ಕೆಂಪಾಗಿತ್ತು.

"ಮಾವ್ಶಿ, ಆಜ್ ಕಾಯ್ ಝಾಲಂ?" ಎಂದು ಮಾನಸಿ ಕೇಳಿದಳು. ಏನಾಯಿತು ಇವತ್ತು, ಚಿಕ್ಕಮ್ಮ. ಸಿಟ್ಟಿನಿಂದಲ್ಲ. ಮರಾಠಿಯಲ್ಲೇ ಮುಂದುವರಿಸಿದಳು: "ನಿಮ್ಮ ಮಾತು ನನಗೆ ಒಂದೂ ತಿಳಿಯುವುದಿಲ್ಲ. ಆದರೆ ಕೊನೆಯ ಸಾಲಿಗೆ ಮೊದಲು ನೀವು ನಿಲ್ಲುತ್ತೀರಿ. ಆ ನಿಂತ ಹೊತ್ತಿನಲ್ಲಿ ನಾನು ಕಾಲು ಸುತ್ತಿ ಮುಗಿಸುತ್ತೇನೆ. ಇವತ್ತು ನಿಲ್ಲಲಿಲ್ಲ."

"ನಾಳೆ ನಿಲ್ತೇನೆ," ಅಂದಳು ನಳಿನಾಕ್ಷಿ ತನ್ನ ಮುರುಕು ಮರಾಠಿಯಲ್ಲಿ.

ಮರುದಿನ ನಾಸಿಕ ಹಾಡಿಗೆ ವಾಪಸು ಬಂತು. ಮತ್ತೆ ಬಿಡಲಿಲ್ಲ. ಹೆದರಿದ ಹಾಗೆ ಏನೂ ಆಗಲಿಲ್ಲ. ಚಾಳಿಗೆ ಯಾವ ಮಾತೂ ಬರಲಿಲ್ಲ. ವಾರ ಕಳೆದಂತೆ ಹೆದರಿಕೆಯ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಆಟಕ್ಕೆ ಮೊದಲು ಅವಳು ಪರದೆಯ ಸಂದಿನಿಂದ ಕುರ್ಚಿಗಳ ಮೇಲೆ ಕಣ್ಣಾಡಿಸತೊಡಗಿದಳು. ಬಿಳಿ ಕೂದಲು ಕಂಡರೆ ಮುಖ ಕಾಣುವವರೆಗೆ ಬಗ್ಗಿ ನೋಡುವಳು. ಉಮಾವತಿ ಬರಲಿಲ್ಲ. ಏಪ್ರಿಲಿನ ಒಂದು ರಜೆಯ ದಿನ ಕಲ್ವಾಕ್ಕೇ ಹೋದಳು. ಸ್ಟೇಷನ್ನಿನ ಬಳಿಯ ಉಡುಪಿ ಹೋಟೆಲಿನಲ್ಲಿ, ಆಮೇಲೆ ಒಂದು ದೇವಸ್ಥಾನದಲ್ಲಿ ಕೇಳಿದಳು. "ಮನೆತನದ ಹೆಸರು ಎಂತ?" ಎಂದು ಕೇಳಿದರೆ ಉಮಾವತಿ ಎಂಬುದಷ್ಟೇ ಅವಳಿಗೆ ಗೊತ್ತು. ಗಂಡನನ್ನು ಹುಡುಕಿ ನಾಸಿಕಕ್ಕೆ ಹೋದ ದಿನವೂ ಇಷ್ಟು ಸುತ್ತಿರಲಿಲ್ಲ. ಒಂದು ಚಹಾ ಕುಡಿದು ಗಾಡಿ ಹತ್ತಿದಳು.

ಮೇ ಕೊನೆಯಲ್ಲಿ ಆಟ ಮುಗಿಯಿತು. ಒಟ್ಟು ನಲವತ್ತು ಸಲ ಹಾಡಿದ್ದಳು. ಮಾನಸಿ ಹೆಚ್ಚಿನ ಕಲಿಕೆಗೆಂದು ಫ್ರಾನ್ಸಿಗೆ ಹೋದಳು. ಹೋಗುವ ಮುಂಚೆ ಕ್ಯಾಂಟೀನಿನ ಗೇಟಿಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದಳು. ಮನೀಶ್ ಹಾಡು ಉಳಿಯಲಿ ಎಂದು ಡೊಂಬಿವಲಿಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದ. ಗಾಜಿನ ಕೋಣೆಯಲ್ಲಿ, ಎದುರಿಗೆ ಹಗ್ಗವಿಲ್ಲದೆ, ಏರುವವಳಿಲ್ಲದೆ, ನಿಲ್ಲಬೇಕಾದಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಅವಳಿಗೆ ತಿಳಿಯಲಿಲ್ಲ. ಒಂಬತ್ತು ಸಲ ಹಾಡಿದಳು. "ಠೀಕ್ ಹೈ ಆಂಟಿ, ಸಾಕು," ಅಂದ ಮನೀಶ್. ಹಾಡು ಸಿಕ್ಕಲಿಲ್ಲವೆಂದು ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

ಮರುವರ್ಷ ಶೈಲೇಶನಿಗೆ ಸಂಬಂಧ ಬಂತು. ಹೆಣ್ಣಿನ ತಂದೆ ಮಧ್ವರಾಜರು ಥಾಣೆಯಲ್ಲಿ ಕ್ಯಾಟರಿಂಗ್ ನಡೆಸುವವರು. ಚಾಳಿನ ಮನೆಗೆ ಬಂದು ಕಾಫಿ ಕುಡಿದು, ಮರ್ಯಾದೆಯಾಗಿಯೇ ಕೇಳಿದರು. "ಯಜಮಾನರು ಮಸ್ಕತ್ತಿನಲ್ಲಂತೆ. ಮಾತುಕತೆಗೆ ಬರ್ತಾರಲ್ಲ?"

ನಳಿನಾಕ್ಷಿ ಕಾಫಿಯ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟಳು. "ಮಸ್ಕತ್ತಿಗೆ ಹೋಗ್ಲಿಲ್ಲ ಅವ್ರು. ನಾಸಿಕದಲ್ಲಿದ್ದಾರೆ. ಅಲ್ಲಿ ಬೇರೆ ಸಂಸಾರ ಉಂಟು," ಅಂದಳು. ರಾಗವಿಲ್ಲದೆ ಹೇಳಿದ್ದು ಅದೇ ಮೊದಲು. ಕೇಳಲು ಬಹಳ ಚಿಕ್ಕ ಮಾತಾಗಿತ್ತು.

ಬಂದವರು ಹೋದ ಮೇಲೆ, ಪುಣೆಯಿಂದ ಬಂದಿದ್ದ ಶೈಲೇಶ್ ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದ. "ಮೇರೇ ಕೋ ಪತಾ ಥಾ," ಅಂದ ಕೊನೆಗೆ. ನನಗೆ ಗೊತ್ತಿತ್ತು. ಕಾಲೇಜಿನಲ್ಲಿದ್ದಾಗಲೇ ಯಾರೋ ಹೇಳಿದ್ದರಂತೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ," ಎಂದು ಅವನು ಕನ್ನಡದಲ್ಲಿ ಹೇಳಿದ. ಮೊದಲು ಒಂದೇ ಕೋಣೆಯಲ್ಲಿ, ಆಮೇಲೆ ಫೋನಿನಲ್ಲಿ, ಇಷ್ಟು ವರ್ಷ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬದುಕಿದ್ದು ಒಂದೇ ಗುಟ್ಟನ್ನು.

ಎಂಟು ದಿನ ಬಿಟ್ಟು ಮಧ್ವರಾಜರು ಫೋನು ಮಾಡಿ, ಹುಡುಗ ಒಳ್ಳೆಯವನು, ನಮಗೆ ಅಷ್ಟೇ ಸಾಕು ಅಂದರು. ಮದುವೆ ಐರೋಲಿಯ ಒಂದು ಹಾಲಿನಲ್ಲಿ ನಡೆಯಿತು. ಗಂಡಿನ ತಂದೆಯ ಜಾಗದಲ್ಲಿ ನಳಿನಾಕ್ಷಿಯ ಅಣ್ಣ ಕೂತ. ಮಗ ಸೊಸೆ ಪುಣೆಗೆ ಹೊರಟ ಮೇಲೆ ಅವಳು ನೆಂಟರ ಚಾಪೆಗಳನ್ನು ಮಡಚಿ, ನೆಲ ಒರೆಸಿ, ಉಳಿದ ಲಾಡುಗಳನ್ನು ಚಾಳಿಗೆ ಹಂಚಿದಳು. ಸೋಮವಾರ ಆರು ಗಂಟೆಗೆ ಕ್ಯಾಂಟೀನಿನಲ್ಲಿದ್ದಳು. ಅಂದು ಎಲೆಕೋಸು ಬಂದಿತ್ತು. ಪಕ್ಕದಲ್ಲಿ ಹೊಸದಾಗಿ ಸೇರಿದ ಹೆಂಗಸಿಗೆ ತನ್ನ ಮಾತು ತಿಳಿಯುವುದೋ ಎಂದು ನಳಿನಾಕ್ಷಿ ಮೊದಲು ತುಳುವಿನಲ್ಲಿ ಮಾತಾಡಿಸಿ ನೋಡಿದಳು. ಅವಳು ಕಲಬುರಗಿಯವಳು. "ತಿಳೀವಲ್ದು ಬಿಡ್ರಿ ಅಕ್ಕಾರ," ಎಂದು ನಕ್ಕು ಚಾಕು ಎತ್ತಿಕೊಂಡಳು.